ಕಾಫಿ ಕೌಂಟರಿನ ಕಪ್ಪು ಪರದೆಗೆ ರೆಡಿ ಲೈಬ್ರರಿ ಹುಡುಕುವುದು ಹೇಗೆ?

ಚಿಕ್ಕಮಗಳೂರಿನಲ್ಲಿ ಕಾಫಿ ಖರೀದಿ ಮಾಡುವವರಿಗೆ ನಾನು ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇನೆ. ಮೌಸ್ ಬೇಡದ, ಬರೀ ಅಕ್ಷರಗಳ ಕಪ್ಪು ಪರದೆಯದ್ದು. ಕೊಯ್ಲಿನ ದಿನಗಳಲ್ಲಿ ಕೌಂಟರಿನ ಗುಮಾಸ್ತರ ಬಲಗೈ ನಂಬರ್ ಕೀಗಳ ಮೇಲೇ ಇರುತ್ತದೆ. ಚೀಲ ಎಷ್ಟು, ಎಂಟರ್. ತೂಕ ಎಷ್ಟು, ಎಂಟರ್. ಓಟಿ (ಔಟ್‌ಟರ್ನ್, ಅಂದರೆ ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜದ ಪ್ರಮಾಣ) ಎಷ್ಟು, ಎಂಟರ್. ಕಣ್ಣು ತೂಕದ ಚೀಟಿಯ ಮೇಲೆ. ಈ ಕೈಗೆ ಹೊಂದುವ ಲೈಬ್ರರಿ, ಅಂದರೆ ಪರದೆ ಕಟ್ಟಲು ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, ಬೇಕು, ನೋಡಲು ಚಂದ ಇರುವುದಲ್ಲ.

ಅದಕ್ಕೇ ಹುಡುಕುವ ಮೊದಲು ಒಂದು ಬೆಳಿಗ್ಗೆ ಆ ಗುಮಾಸ್ತರ ಪಕ್ಕ ಕೂತುಕೊಳ್ಳಿ. ಯಾವ ಕೀ ಒತ್ತುತ್ತಾರೆ, ಕಂಪ್ಯೂಟರ್ ಯಾವುದು, ಪ್ರಿಂಟರ್ ಯಾವುದು, ಹಳೇ ಲೆಕ್ಕ ಯಾವ ಫೈಲಿನಲ್ಲಿದೆ, ಎಲ್ಲ ಬರೆದುಕೊಳ್ಳಿ. ಅಲ್ಲಿ ಇನ್ನೂ ವಿಂಡೋಸ್ 7 ಇದ್ದರೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ 3.8ನೇ ಆವೃತ್ತಿಯ ತನಕ ಮಾತ್ರ ನಡೆಯುತ್ತದೆ. ಅದಕ್ಕಿಂತ ಹೊಸದನ್ನು ಕೇಳುವ ಲೈಬ್ರರಿ ಎಷ್ಟೇ ಚೆನ್ನಾಗಿರಲಿ, ಪಟ್ಟಿಯಿಂದ ತೆಗೆಯಿರಿ.

ಈಗ ಎಲ್ಲರೂ ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ತಾಣ ತೆರೆದು ಟಿ, ಯು, ಐ ಎಂಬ ಮೂರು ಇಂಗ್ಲಿಷ್ ಅಕ್ಷರ ಹಾಕಿ, ಅಕ್ಷರಗಳ ಪರದೆಗೆ ಇಂಗ್ಲಿಷಿನಲ್ಲಿರುವ ಚಿಕ್ಕ ಹೆಸರು ಅದು. ಸುಮ್ನೆ ಅಷ್ಟೇ ಹಾಕಿದರೆ ಹಾಡು ಕೇಳಿಸುವ ಪ್ರೋಗ್ರಾಂಗಳೂ ಬರುತ್ತವೆ, ಜೊತೆಗೆ 'ಫಾರ್ಮ್' ಎಂಬ ಪದವೂ ಇರಲಿ. ಪೈಥಾನ್ ಬರುವವರಿಗೆ ಟೆಕ್ಸ್ಚುಯಲ್, ಗೋ ಬರುವವರಿಗೆ ಟಿವ್ಯೂ, ಸಿ ಬರುವವರಿಗೆ ಎನ್‌ಕರ್ಸಸ್ ಇದೆ. ಪಾಸ್ಕಲ್ ಕಲಿತವರಿಗೆ ಫ್ರೀ ವಿಷನ್.

ಅಂಗಡಿಯಲ್ಲಿ ಕ್ಲಿಪ್ಪರ್ ಎಂಬ ಡಾಸ್ ಕಾಲದ ಭಾಷೆಯಲ್ಲಿ ಬರೆದ ಹಳೇ ಪ್ರೋಗ್ರಾಂ ಇದ್ದು, ಅದರ ಸೋರ್ಸ್ ಕೋಡೂ ಸಿಕ್ಕಿದರೆ ಮೊದಲು ಹಾರ್ಬರ್ ನೋಡಿ. ಕ್ಲಿಪ್ಪರ್ ಕೋಡನ್ನು ಅದು ಇವತ್ತಿನ ವಿಂಡೋಸ್, ಲಿನಕ್ಸ್‌ಗೆ ಕಂಪೈಲ್ ಮಾಡುತ್ತದೆ, ಅದರ ಲೆಕ್ಕ ಇರುವ ಡಿಬಿಎಫ್ ಫೈಲನ್ನೂ ಓದುತ್ತದೆ. ವರ್ಷಾನುಗಟ್ಟಲೆ ನಡೆದ ಲೆಕ್ಕವನ್ನು ಎಸೆದು ಹೊಸದಾಗಿ ಬರೆಯುವ ಉತ್ಸಾಹ ದಯವಿಟ್ಟು ಬೇಡ. ಸೋರ್ಸ್ ಕೋಡ್ ಇಲ್ಲ, ಫೈಲು ಮಾತ್ರ ಇದೆ ಅಂದರೆ ಪೈಥಾನಿನ ಡಿಬಿಎಫ್‌ರೀಡ್ ಲೈಬ್ರರಿಯಿಂದ ಓದಿ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್‌ಗೆ ತುಂಬಿ.

ಲೈಸೆನ್ಸ್ ಓದದೆ ಇಳಿಸಿಕೊಳ್ಳಬೇಡಿ. ಎಂಐಟಿ ಆದರೆ ಚಿಂತೆ ಇಲ್ಲ. ಜಿಪಿಎಲ್ ಆದರೆ ನೀವು ಬರೆದ ಸೋರ್ಸ್ ಕೋಡನ್ನೂ ಗಿರಾಕಿಗೆ ಕೊಡಬೇಕಾಗುತ್ತದೆ. ಕೊನೆಯ ಬದಲಾವಣೆ ಯಾವಾಗ ಆಗಿದೆ ಅಂತಲೂ ನೋಡಿ.

ಆಮೇಲೆ ಒಂದೇ ಒಂದು ಪರದೆ ಮಾಡಿ, ಅದೇ ಕಂಪ್ಯೂಟರಿನಲ್ಲಿ ಅದೇ ಗುಮಾಸ್ತರ ಕೈಗೆ ಕೊಡಿ. ಟೆಕ್ಸ್ಚುಯಲ್‌ನಲ್ಲಿ ಮಾಡಿದ ನನ್ನ ಮೊದಲ ಪರದೆಯಲ್ಲಿ ಅವರು ಚೀಲ 40 ಅಂತ ಹಾಕಿ ಎಂಟರ್ ಒತ್ತಿದರು. ಕರ್ಸರ್ ಅಲ್ಲೇ ನಿಂತಿತು. ತೂಕ ಹೊಡೆದರೆ ಅದೂ ಚೀಲದ ಜಾಗಕ್ಕೇ ಹೋಗಿ ಸೇರಿತು. ಅಲ್ಲಿ ಮುಂದಿನ ಜಾಗಕ್ಕೆ ಹೋಗಲು ಟ್ಯಾಬ್ ಒತ್ತಬೇಕು. ಟ್ಯಾಬ್ ಇರುವುದು ಎಡಗೈ ಕಡೆ, ಎಡಗೈಯಲ್ಲಿ ಚೀಟಿ! ಎಂಟರ್‌ಗೂ ಮುಂದೆ ಹೋಗುವಂತೆ ಎರಡು ಸಾಲು ಬರೆದೆ, ಸರಿಹೋಯಿತು. ಕೂತು ನೋಡದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಬೆಳೆಗಾರರ ಹೆಸರು ಕನ್ನಡದಲ್ಲೇ ಕಾಣಬೇಕು ಅಂತ ನನಗೆ ತುಂಬಾ ಆಸೆ. ಆದರೆ ಪರೀಕ್ಷೆ ಮಾಡದೆ ಯಾವ ಲೈಬ್ರರಿಯನ್ನೂ ನಂಬಬೇಡಿ. 'ಲಕ್ಷ್ಮಮ್ಮ' ಅಂತ ಹಾಕಿ ನೋಡಿ. ಕಣ್ಣಿಗೆ ಮೂರೇ ಅಕ್ಷರ, ಕಂಪ್ಯೂಟರಿನ ಯೂನಿಕೋಡ್ ಲೆಕ್ಕದಲ್ಲಿ ಒಂಬತ್ತು. ಅಗಲದ ಲೆಕ್ಕ ತಪ್ಪಿತು ಅಂದರೆ ಆಚೆಯ ಗೆರೆ, ಮೊತ್ತ ಎಲ್ಲ ಪಕ್ಕಕ್ಕೆ ಸರಿದುಬಿಡುತ್ತವೆ. ನಾನು ಹೆಸರನ್ನು ಸಾಲಿನ ಕೊನೆಗೆ ಇಡುತ್ತೇನೆ. ಆಚೆ ಏನೂ ಇಲ್ಲದಿದ್ದರೆ ಏನೂ ಸರಿಯುವುದಿಲ್ಲ, ಅಲ್ವಾ?

ಪ್ರಿಂಟರಿನ ಲೈಬ್ರರಿಯಲ್ಲಿ ಹೆಸರು ನೋಡಿ ಮೋಸ ಹೋಗುವುದು ಜಾಸ್ತಿ. ಪೈಥಾನ್-ಎಸ್ಕ್‌ಪಾಸ್ ಇರುವುದು ರಸೀದಿ ಹೊಡೆಯುವ ಥರ್ಮಲ್ ಪ್ರಿಂಟರಿಗೆ. ಎಪ್ಸನ್ ಡಾಟ್ ಮ್ಯಾಟ್ರಿಕ್ಸ್‌ನ ಭಾಷೆ ಇಎಸ್‌ಸಿ/ಪಿ, ಅದೇ ಬೇರೆ. ಅದಕ್ಕೆ ಲೈಬ್ರರಿಯೇ ಬೇಕಿಲ್ಲ. 15ನೇ ಸಂಕೇತ ಕಳಿಸಿದರೆ ಅಕ್ಷರ ಸಣ್ಣದಾಗುತ್ತದೆ, 18 ಕಳಿಸಿದರೆ ಮೊದಲಿನಂತಾಗುತ್ತದೆ. ಒಂದು ಹಾಳೆ ಹೊಡೆದು, ಹಳೇ ಬಿಲ್ಲಿನ ಮೇಲಿಟ್ಟು, ಬಾಗಿಲ ಬೆಳಕಿಗೆ ಹಿಡಿಯಿರಿ. ಎರಡರ ಮೊತ್ತವೂ ಒಂದೇ ಜಾಗಕ್ಕೆ ಬಂದಿರಬೇಕು.