ಗೋಡೆ ತುಂಬ ಒಂದೇ ಫೋಟೊ: ಅಂಟಿಸುವುದು ಹೇಗೆ?

ಹಜಾರದಲ್ಲೋ ಕಚೇರಿಯಲ್ಲೋ ಗೋಡೆಯಗಲ ಜೋಗದ ನೀರೋ ಹಂಪಿಯ ಕಲ್ಲಿನ ರಥವೋ ಬೇಕೆಂದರೆ ಮೊದಲು ಗೋಡೆಯನ್ನು ನೋಡಿ, ಫೋಟೊ ಆಮೇಲೆ.

ಅಂಗೈಯಿಂದ ಗೋಡೆ ಉಜ್ಜಿ. ಬಿಳಿ ಪುಡಿ ಹತ್ತಿದರೆ ಅದು ಸುಣ್ಣ ಇಲ್ಲವೇ ಹಳೆಯ ಡಿಸ್ಟೆಂಪರ್. ಅದರ ಮೇಲೆ ಅಂಟಿಸಿದ ಹಾಳೆ ಬಣ್ಣವನ್ನೂ ಕಿತ್ತುಕೊಂಡು ಬೀಳುತ್ತದೆ. ಕೆರೆದು, ಪುಟ್ಟಿ ಹಚ್ಚಿ, 180 ನಂಬರಿನ ಎಮರಿ ಪೇಪರಿನಿಂದ ಉಜ್ಜಿ, ಪ್ರೈಮರ್ ಹೊಡೆದು ಒಂದು ದಿನ ಒಣಗಿಸಿ. ತೇವದ ಪರೀಕ್ಷೆಗೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, 24 ಗಂಟೆ ಬಿಡಿ. ಒಳಗೆ ಹನಿ ಕಟ್ಟಿದರೆ ನೀರು ಜಿನುಗುವ ಮೂಲ ಸರಿಪಡಿಸದೆ ಮುಂದುವರಿಯಬೇಡಿ. ಮಲೆನಾಡು, ಕರಾವಳಿಯವರು ಇದನ್ನು ಮಳೆಗಾಲದಲ್ಲೇ ಮಾಡಿ ನೋಡಬೇಕು. ಬೇಸಿಗೆಯಲ್ಲಿ ಎಲ್ಲ ಗೋಡೆಯೂ ಒಣಗಿಯೇ ಇರುತ್ತದೆ.

ಅಗಲ, ಎತ್ತರ ಎರಡನ್ನೂ ಮೂರು ಮೂರು ಕಡೆ ಅಳೆಯಿರಿ. ಮೂಲೆಗಳು ನೇರವಾಗಿರುವುದು ಅಪರೂಪ. ಹೆಚ್ಚು ಬಂದ ಅಳತೆಗೆ ನಾಲ್ಕೂ ಕಡೆ ಎರಡೆರಡು ಇಂಚು ಸೇರಿಸಿ ಮುದ್ರಣಕ್ಕೆ ಕೊಡಿ.

ಈಗ ಫೋಟೊ. 12 ಅಡಿ ಅಗಲ, 8 ಅಡಿ ಎತ್ತರದ ಗೋಡೆಗೆ ಇಂಚಿಗೆ 100 ಪಿಕ್ಸೆಲ್ ಬೇಕಾದರೆ ಫೈಲ್ 14,400 x 9,600 ಇರಬೇಕು. 24 ಮೆಗಾಪಿಕ್ಸೆಲ್ ಕ್ಯಾಮೆರಾ ಕೊಡುವುದು 6,000 x 4,000, ಅಂದರೆ ಇಂಚಿಗೆ ಸುಮಾರು 42. ದೂರದಿಂದ ನೋಡುವ ಮಂಜು, ಬೆಟ್ಟಗಳಿಗೆ ಇದು ನಡೆದೀತು. ಮುಖ, ಅಕ್ಷರ, ಶಿಲ್ಪದ ಕೆತ್ತನೆಗೆ ಸಾಲದು. ಅಂಥ ದೃಶ್ಯವನ್ನು ತುಂಡು ತುಂಡಾಗಿ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ಮೂಲ ಫೈಲನ್ನೇ ಪೆನ್‌ಡ್ರೈವಿನಲ್ಲಿ ಒಯ್ಯಿರಿ.

ಹಲವರು ಮರೆಯುವುದು ಹಾಳೆಯ ಕೂಡುಗೆರೆ, ಅಂದರೆ ಮುದ್ರಿಸಿದ ಎರಡು ಪಟ್ಟಿಗಳು ಸೇರುವ ಗೆರೆ. ಮೂರಡಿಯ ನಾಲ್ಕು ಪಟ್ಟಿಗಳಾದರೆ ಗೆರೆ ಬರುವುದು 3, 6, 9 ಅಡಿಗಳಲ್ಲಿ. ರಥ ನಟ್ಟನಡುವೆ ಇದ್ದರೆ ಗೆರೆ ಅದನ್ನೇ ಸೀಳುತ್ತದೆ! ಚಿತ್ರವನ್ನು ಒಂದೂವರೆ ಅಡಿ ಪಕ್ಕಕ್ಕೆ ಸರಿಸಿ. ಸೋಫಾ ಮರೆಮಾಡುವ ಕೆಳಗಿನ ಮೂರಡಿಯಲ್ಲೂ ಮುಖ್ಯವಾದದ್ದೇನೂ ಬೇಡ. ಮೇಲ್ಮೈ ಮ್ಯಾಟ್ ಇರಲಿ, ಹೊಳಪಿನದು ಟ್ಯೂಬ್‌ಲೈಟನ್ನು ಪ್ರತಿಫಲಿಸುತ್ತದೆ. ಎಲ್ಲ ಪಟ್ಟಿಗಳನ್ನೂ ಒಂದೇ ಸಲ ಮುದ್ರಿಸಿ. ಒಂದನ್ನು ಆಮೇಲೆ ಮಾಡಿಸಿದರೆ ಬಣ್ಣ ಹೊಂದುವುದಿಲ್ಲ.

ಅಂಟಿಸುವ ದಿನ ಮೇನ್ ಸ್ವಿಚ್ ಆರಿಸಿ, ಸ್ವಿಚ್‌ಬೋರ್ಡಿನ ಮುಚ್ಚಳ ಬಿಚ್ಚಿ. ಮೊದಲ ಪಟ್ಟಿಯ ಅಂಚಿಗೆ ತೂಗುಗುಂಡು ಬಿಟ್ಟು ಪೆನ್ಸಿಲ್ ಗೆರೆ ಎಳೆಯಿರಿ. ಮೂಲೆಯನ್ನು ನಂಬಿ ಶುರುಮಾಡಿದರೆ ಕೊನೆಯ ಪಟ್ಟಿ ವಾಲುತ್ತದೆ. ನಾನ್‌ವೋವನ್ (ನಾರುಗಳನ್ನು ನೇಯದೆ ಒತ್ತಿ ಮಾಡಿದ) ಹಾಳೆಯಾದರೆ ಅಂಟನ್ನು ಗೋಡೆಗೇ ಹಚ್ಚಿ. ಸಾದಾ ಕಾಗದವಾದರೆ ಬೆನ್ನಿಗೆ ಹಚ್ಚಿ, ಮಡಚಿ, ಪ್ಯಾಕೆಟ್‌ನಲ್ಲಿ ಹೇಳಿದಷ್ಟು ಹೊತ್ತು ನೆನೆಯಲು ಬಿಡಿ. ಅದು ಹಿಗ್ಗುವುದು ಮೇಜಿನ ಮೇಲೇ ಮುಗಿಯಬೇಕು, ಇಲ್ಲವಾದರೆ ಗೋಡೆಯ ಮೇಲೆ ಸುಕ್ಕಾಗುತ್ತದೆ. ನಡುವಿನಿಂದ ಅಂಚಿನತ್ತ ಗಾಳಿ ತಳ್ಳಿ. ಹೊರಬಂದ ಅಂಟನ್ನು ಒದ್ದೆ ಸ್ಪಂಜಿನಿಂದ ಆಗಲೇ ಒರೆಸಿ. ಅಂಚು ಕತ್ತರಿಸುವ ಬ್ಲೇಡನ್ನು ಪಟ್ಟಿಗೊಂದರಂತೆ ಬದಲಿಸಿ, ಮೊಂಡು ಬ್ಲೇಡು ಒದ್ದೆ ಕಾಗದವನ್ನು ಹರಿಯುತ್ತದೆ.

ಒಂದು ದಿನ ಫ್ಯಾನ್, ಎಸಿ ಬೇಡ, ಕಿಟಕಿಯೂ ಮುಚ್ಚಿರಲಿ. ಬೇಗ ಒಣಗಿದ ಹಾಳೆ ಕುಗ್ಗಿ ಕೂಡುಗೆರೆ ಬಾಯಿಬಿಡುತ್ತದೆ.