ಕೆಫೀನ್ ಕೈಯನ್ನು ಎಷ್ಟು ಚುರುಕಾಗಿಸುತ್ತದೆ? ಸ್ಕೇಲಿನಲ್ಲೇ ಅಳೆಯಿರಿ

30 ಸೆಂ.ಮೀ. ಸ್ಕೇಲನ್ನು ಜೊತೆಗಾರರು ನೆಟ್ಟಗೆ ನೇತಾಡುವಂತೆ ಹಿಡಿಯಲಿ. ಸೊನ್ನೆಯ ಗೆರೆ ನಿಮ್ಮ ಹೆಬ್ಬೆರಳು, ತೋರುಬೆರಳುಗಳ ನಡುವೆ ಇರಲಿ, ಬೆರಳು ತಾಗಬಾರದು. ಅವರು ಸುಳಿವು ಕೊಡದೆ ಬಿಡಬೇಕು, ನೀವು ಬೀಳುವ ಸ್ಕೇಲನ್ನು ಥಟ್ಟನೆ ಹಿಡಿಯಬೇಕು. 20 ಸೆಂ.ಮೀ.ಗೆ ಸಿಕ್ಕರೆ ಸುಮಾರು 0.20 ಸೆಕೆಂಡ್, 15ಕ್ಕೆ ಸಿಕ್ಕರೆ 0.175. ಮೊದಲ ಐದಾರು ಸಲ ಬರೀ ಅಭ್ಯಾಸ. ಆಮೇಲಿನ 20 ಸಲದ ಮಧ್ಯಾಂಕ (ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಟ್ಟನಡುವೆ ಬರುವ ಬೆಲೆ) ಬರೆದಿಡಿ. ಕಾಫಿ ಕುಡಿದು 45 ನಿಮಿಷ ಬಿಟ್ಟು ಮತ್ತೆ 20 ಸಲ ಹಿಡಿಯಿರಿ.

ಎಡವುವುದು ಇಲ್ಲೇ: ಎರಡನೇ ಸುತ್ತಿಗೆ ಕೈ ಪಳಗಿರುತ್ತದೆ, ಆ ಲಾಭವನ್ನೂ ಕಾಫಿಯ ಖಾತೆಗೆ ಹಾಕಿಬಿಡುತ್ತೇವೆ. ಹಾಗಾಗಿ ಇನ್ನೊಂದು ದಿನ ಕೆಫೀನ್ ತೆಗೆದ ಕಾಫಿಯಲ್ಲೂ ಇದನ್ನೇ ಮಾಡಿ. ಲೋಟದಲ್ಲಿ ಯಾವುದಿದೆ ಎಂದು ನಿಮಗೆ ತಿಳಿಯಲೇಬಾರದು. ದಿನಾ ಕುಡಿಯುವವರಲ್ಲಿ ಕಾಫಿ ಬಿಟ್ಟಾಗಿನ ಮಂಕು ಕಳೆದದ್ದೇ ಚುರುಕಿನಂತೆ ಕಾಣಬಹುದು. ಸ್ಕೇಲು ಬೀಳುವ ಮೊದಲೇ ಬೆರಳು ಮುಚ್ಚಿದರೆ ಅದು ಊಹೆ. ಮಧ್ಯಾಂಕದ ಲೆಕ್ಕಕ್ಕೆ ಸೇರಿಸಬೇಡಿ, ಎಷ್ಟು ಸಲ ಹಾಗಾಯಿತೆಂದು ಮಾತ್ರ ಬೇರೆಯಾಗಿ ಗುರುತಿಸಿಡಿ.