ಹಳೇ ರೈಲು ಹಾದಿ ಪಾರ್ಕಿಗೆ ಸೇರುತ್ತಿದೆಯೇ? ಖಡಿಗೆ ಜೆಸಿಬಿ ಹಾಕುವ ಮೊದಲು ಇಷ್ಟು ಮಾಡಿ

ಹಳಿ ಕಿತ್ತು ಗುಜರಿಗೆ ಹಾಕಿದರೆ ಹಳೇ ರೈಲು ಹಾದಿಯ ಕೆಲಸ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ. ಹಳಿ ಕೀಳುವುದು ಇಡೀ ಕೆಲಸದಲ್ಲಿ ಅತಿ ಸುಲಭದ ಭಾಗ. ಕೆಡುವುದು ಆಮೇಲೆ. ಜೆಸಿಬಿ ಬರುತ್ತದೆ, ಏರಿಯ ಖಡಿ (ಜಲ್ಲಿಕಲ್ಲು), ಬೂದಿ, ಮಣ್ಣು ಎಲ್ಲವನ್ನೂ ಒಂದೇ ಬಕೆಟ್ಟಿನಲ್ಲಿ ಎತ್ತಿ ಟಿಪ್ಪರಿಗೆ ಸುರಿಯುತ್ತದೆ, ಆ ಟಿಪ್ಪರ್ ಅದೇ ಪಾರ್ಕಿನ ತಗ್ಗು ತುಂಬಲು ಹೋಗುತ್ತದೆ, ಕೆಲವೇ ದಿನಗಳಲ್ಲಿ ಆ ಮಣ್ಣಿನ ಮೇಲೆ ಮಕ್ಕಳ ಜಾರುಬಂಡಿ ನಿಲ್ಲುತ್ತದೆ. ನೂರು ವರ್ಷ ಒಂದು ಪಟ್ಟಿಯಷ್ಟು ಜಾಗದಲ್ಲಿ ಸುಮ್ನೆ ಬಿದ್ದಿದ್ದ ಹೊಲಸು ಇಡೀ ಪಾರ್ಕಿಗೆ ಹರಡುತ್ತದೆ. ಇದನ್ನು ನೋಡಿ ನೋಡಿ ಸಾಕಾಗಿ ಬರೆಯುತ್ತಿದ್ದೇನೆ.

ಗದಗದಿಂದ ಬಾಗಲಕೋಟೆ, ವಿಜಯಪುರ ದಾಟಿ ಹೊಟಗಿಗೆ ಹೋಗುವ ಮಾರ್ಗವನ್ನು ಸದರ್ನ್ ಮರಾಠಾ ರೈಲ್ವೆ 1880ರ ದಶಕದಲ್ಲಿ ಹಾಕಿತು. ಲೋಂಡಾ, ಬೆಳಗಾವಿ, ಮಿರಜ ಮಾರ್ಗವೂ ಅದೇ ಕಂಪನಿಯದು. ಆಗ ಎರಡೂ ಮೀಟರ್ ಗೇಜ್, ಅಂದರೆ ಹಳಿಗಳ ನಡುವೆ 1,000 ಮಿ.ಮೀ. ಈಗ 1,676 ಮಿ.ಮೀ. ಬ್ರಾಡ್ ಗೇಜ್. ಹೀಗೆ ಗೇಜ್ ಬದಲಿಸುವಾಗ ತಿರುವು ನೇರ ಮಾಡುತ್ತಾರೆ, ಸೇತುವೆ ಹೊಸದಾಗಿ ಕಟ್ಟುತ್ತಾರೆ, ಹಳೇ ಏರಿಯ ತುಂಡು ಪಕ್ಕಕ್ಕೆ ಉಳಿದುಬಿಡುತ್ತದೆ. ಕಾರ್ಖಾನೆಯ, ಗೋದಾಮಿನ ಸೈಡಿಂಗ್ (ಪಕ್ಕದ ಕವಲು ಹಳಿ) ಮುಚ್ಚಿದಾಗಲೂ ಅಷ್ಟೇ. ಊರು ಬೆಳೆದ ಮೇಲೆ ಅದೇ ತುಂಡಿನ ಎರಡೂ ಕಡೆ ಪಾರ್ಕ್ ಬರುತ್ತದೆ, ಬೆಳಗಿನ ವಾಕಿಂಗಿನವರು ಬರುತ್ತಾರೆ, ಕೊನೆಗೆ "ಇದನ್ನ ತಗದ್ ಹಾಕ್ರಿ" ಅನ್ನುವ ಮನವಿಯೂ ಬರುತ್ತದೆ.

ತೆಗೆಯಲಿ, ಬೇಡ ಅನ್ನುವುದಿಲ್ಲ. ಹೇಗೆ ಅನ್ನುವುದಷ್ಟೇ ಪ್ರಶ್ನೆ.

ಮೊದಲು, ಜಾಗ ಯಾರದು ಅಂತ ಕಾಗದದಲ್ಲಿ ನೋಡಿ. ರೈಲು ಓಡದಿದ್ದರೂ ಜಾಗ, ಹಳಿ, ಬೋಲ್ಟು ಎಲ್ಲ ರೈಲ್ವೆಯದೇ. ಒಂದು ಬೋಲ್ಟ್ ಮನೆಗೆ ಒಯ್ದರೂ 1966ರ ರೈಲ್ವೆ ಆಸ್ತಿ ಕಾಯ್ದೆಯಡಿ ಕೇಸ್ ಆಗುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರೂ ಊರು ನೈಋತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗಕ್ಕೆ ಸೇರುತ್ತವೆ. 10 ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ ಜಾಗದ ನಕ್ಷೆ, ಮಾರ್ಗ ಮುಚ್ಚಿದ ವರ್ಷ, ಹಳಿ ತೆಗೆಯುವ ಟೆಂಡರಿನ ಷರತ್ತು, ಈ ಮೂರನ್ನೇ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ರೈಲ್ವೆ ಕೇಂದ್ರದ್ದು, ಹಾಗಾಗಿ ಅರ್ಜಿ ಕೇಂದ್ರದ ಪೋರ್ಟಲ್‌ನಲ್ಲೇ ಹಾಕಿ. ವಿಜಯಪುರದವರಿಗೆ ಇನ್ನೊಂದು ಮಾತು. ಗೋಳಗುಮ್ಮಟದಂಥ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಜೆಸಿಬಿ ಇಳಿಸುವ ಮೊದಲು ಪುರಾತತ್ವ ಇಲಾಖೆಯನ್ನು ಕೇಳಲೇಬೇಕು.

ಕಾಲ ಯಾವುದು? ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ. ಬೇರೆ ತಿಂಗಳು ಬೇಡವೇ ಬೇಡ. ವಿಜಯಪುರ, ಬಾಗಲಕೋಟೆ ಕಡೆ ಮಳೆಯ ಜೋರು ಸೆಪ್ಟೆಂಬರಿನಲ್ಲಿ, ಎರೆ (ಕಪ್ಪು) ಮಣ್ಣು ಒಣಗಲು ಅಲ್ಲಿಂದ ಮುಂದೆ ಒಂದೆರಡು ತಿಂಗಳು ಬೇಕು. ಹಸಿ ಎರೆಯಲ್ಲಿ ಟಿಪ್ಪರ್ ಓಡಿಸಿದರೆ ಬೀಳುವ ಗಾಲಿ ಗುರುತು ವರ್ಷಗಟ್ಟಲೆ ಹೋಗುವುದಿಲ್ಲ. ಇತ್ತ ಮಾರ್ಚ್ ಬಂತೆಂದರೆ ಟಿಟ್ಟಿಭ ಮೊಟ್ಟೆಯಿಡಲು ಶುರುಮಾಡುತ್ತದೆ. ಈ ಹಕ್ಕಿ ಗೂಡು ಕಟ್ಟುವುದಿಲ್ಲ. ಖಡಿಯ ನಡುವೆ ಅಂಗೈಯಷ್ಟು ತಗ್ಗು ಮಾಡಿ ನಾಲ್ಕು ಮೊಟ್ಟೆ ಇಡುತ್ತದೆ, ಚೂಪು ತುದಿ ಒಳಗೆ, ದಪ್ಪ ತುದಿ ಹೊರಗೆ. ಬೂದು ಬಣ್ಣದ ಮೇಲೆ ಕಪ್ಪು ಚುಕ್ಕೆ. ಎರಡು ಮಾರು ದೂರದಿಂದ ನೋಡಿದರೆ ಅದೂ ಒಂದು ಕಲ್ಲೇ. ಜೆಸಿಬಿಯ ಸೀಟಿನಿಂದ ಕಾಣುವ ಮಾತೇ ಇಲ್ಲ.

ಇನ್ನು ನಡೆದು ನೋಡುವುದು. ಒಂದು ತುದಿಯಿಂದ ಇನ್ನೊಂದು ತುದಿಗೆ, ಕೈಯಲ್ಲಿ ನಕ್ಷೆ ಹಿಡಿದು. ಮೋರಿ ಎಲ್ಲಿವೆ, ಮರದ ಸ್ಲೀಪರ್ (ಹಳಿಯ ಅಡಿಯ ಅಡ್ಡಪಟ್ಟಿ) ಎಲ್ಲಿವೆ, ಎಣ್ಣೆ ಕುಡಿದು ಕಪ್ಪಾದ ಜಾಗ ಎಲ್ಲಿದೆ, ಉಡದ ಬಿಲ ಎಲ್ಲಿದೆ ಗುರುತು ಹಾಕಿ. ಹಳಿ ಕವಲೊಡೆಯುವ ಜಾಗದಲ್ಲಿ ಗ್ರೀಸ್ ಜಾಸ್ತಿ. ಉಗಿ ಎಂಜಿನ್ ನೀರು ಕುಡಿಯಲು ನಿಲ್ಲುತ್ತಿದ್ದ ಜಾಗದಲ್ಲಿ ಕಲ್ಲಿದ್ದಲ ಬೂದಿ ಜಾಸ್ತಿ. ಬೂದಿಗಟ್ಟಿ ಗುರುತಿಸುವುದು ಕಷ್ಟವಲ್ಲ, ನೋಡಲು ಕಪ್ಪು ಕಲ್ಲಿನ ಹಾಗೆ, ಎತ್ತಿದರೆ ಹಗುರ, ಮೈತುಂಬ ತೂತು. ಬೂಟು ಹಾಕಿಕೊಂಡು ಹೋಗಿ, ಖಡಿಯ ಸಂದಿಗೆ ಬರಿಗೈ ಹಾಕಬೇಡಿ. ಗರಗಸ ಮಂಡಲ ಹಾವಿಗೆ ಇಂಥ ಜಾಗ ಬಹಳ ಇಷ್ಟ.

ಮಣ್ಣು ಪರೀಕ್ಷೆ: ಎಲ್ಲರೂ ಎಡವುವುದು ಇಲ್ಲೇ

"ಟೆಸ್ಟ್ ಮಾಡ್ಸೀವ್ರಿ, ಮಣ್ಣು ಛಲೋ ಐತಿ ಅಂತ ರಿಪೋರ್ಟ್ ಬಂದೈತಿ" ಅಂತ ಒಂದು ಕಾರ್ಡ್ ತೋರಿಸುತ್ತಾರೆ. ನೋಡಿದರೆ ಮಣ್ಣು ಆರೋಗ್ಯ ಕಾರ್ಡ್! ಅದರಲ್ಲಿ ಇರುವುದು 12 ಅಂಶ. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ, ಸಾವಯವ ಇಂಗಾಲ. ಜೋಳ ಬೆಳೆಯುವವರಿಗೆ ಬೇಕಾದ ಕಾರ್ಡ್ ಅದು. ರೈಲು ಹಾದಿಯಲ್ಲಿ ನಾವು ಹುಡುಕಬೇಕಾದ ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ, ಡಾಂಬರಿನಂಥ ಎಣ್ಣೆಯ ವಿಷ, ಇದ್ಯಾವುದೂ ಅದರಲ್ಲಿಲ್ಲ. ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿಗೆ ಕೊಡಿ. ಕೊಡುವಾಗ ಭಾರಲೋಹ, ಪಿಎಎಚ್ (ಆ ಡಾಂಬರಿನಂಥ ವಿಷ), ಪೆಟ್ರೋಲಿಯಂ ಎಣ್ಣೆ ಅಂಶ ಬೇಕು ಅಂತ ಬರೆದು ಕೊಡಿ. ಬಾಯಲ್ಲಿ ಹೇಳಿದರೆ ಮತ್ತೆ ಸಾರಜನಕವೇ ಬರುತ್ತದೆ.

ಮಣ್ಣು ತೆಗೆಯುವುದರಲ್ಲೂ ಹೊಲದ ರೂಢಿ ಇಲ್ಲಿ ನಡೆಯುವುದಿಲ್ಲ. ಹೊಲದಲ್ಲಿ ಹತ್ತು ಕಡೆ ತೆಗೆದು ಬೆರೆಸಿ ಒಂದು ಕಿಲೋ ಕಳಿಸುತ್ತೇವೆ, ಅಲ್ವಾ? ಇಲ್ಲಿ ಬೆರೆಸಿದಿರೋ ಕೆಟ್ಟಿತು. ಬೂದಿ ಕುಣಿಯ ಒಂದು ಹಿಡಿ ಕೆಟ್ಟ ಮಣ್ಣು ಒಂಬತ್ತು ಹಿಡಿ ಒಳ್ಳೆ ಮಣ್ಣಿನಲ್ಲಿ ಮುಳುಗಿಹೋಗಿ ರಿಪೋರ್ಟ್ ಚೆಂದ ಬರುತ್ತದೆ. ಅನುಮಾನದ ಪ್ರತಿ ಜಾಗದ್ದೂ ಬೇರೆ ಚೀಲ. ಪ್ರತಿ ಜಾಗದಲ್ಲೂ ಮೇಲಿನ ಅರ್ಧ ಅಡಿಯದ್ದು ಒಂದು, ಒಂದು ಅಡಿಯದ್ದು ಒಂದು, ಎರಡು ಅಡಿಯದ್ದು ಒಂದು. ಮೇಲಿನದ್ದು ಕೆಟ್ಟು ಕೆಳಗಿನದ್ದು ಚೆನ್ನಾಗಿದ್ದರೆ ಕೆಲಸ ಹಗುರ, ಕೆಳಗೂ ಇಳಿದಿದ್ದರೆ ಲೆಕ್ಕವೇ ಬೇರೆ. ಲೋಹದ ಪರೀಕ್ಷೆಗೆ ಪ್ಲಾಸ್ಟಿಕ್ ಚೀಲ ನಡೆಯುತ್ತದೆ. ಪಿಎಎಚ್ ಪರೀಕ್ಷೆಗೆ ಮಾತ್ರ ಬಣ್ಣದ ಗಾಜಿನ ಬಾಟಲಿ, ಗಟ್ಟಿ ಮುಚ್ಚಳ, ಐಸ್ ಪೆಟ್ಟಿಗೆ ಬೇಕು. ಮೇ ತಿಂಗಳ ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿಟ್ಟು ಒಯ್ದ ಮಣ್ಣಿನ ಫಲಿತಾಂಶ ನಂಬಬೇಡಿ.

ಏರಿಯಿಂದ ದೂರದ, ರೈಲಿನ ಸೋಂಕಿಲ್ಲದ ಜಾಗದ್ದೊಂದು ಸ್ಯಾಂಪಲ್ ಕೂಡ ಬೇಕು. ಇದನ್ನು ಬಿಡುವವರೇ ಬಹಳ. ವಿಜಯಪುರದ ಎರೆ ಮಣ್ಣು ಹುಟ್ಟಿದ್ದು ದಖನ್ನಿನ ಕಪ್ಪು ಬಸಾಲ್ಟ್ ಕಲ್ಲಿನಿಂದ. ಅದರಲ್ಲಿ ಕ್ರೋಮಿಯಂ, ನಿಕಲ್, ತಾಮ್ರ ಹುಟ್ಟಾ ಜಾಸ್ತಿ. ಹೋಲಿಸಲು ಪಕ್ಕದ ಮಣ್ಣಿನ ಅಂಕಿ ಇಲ್ಲದಿದ್ದರೆ ಕಲ್ಲಿನ ಗುಣವನ್ನೇ ರೈಲಿನ ಮಾಲಿನ್ಯ ಅಂದುಕೊಂಡು ಗಾಬರಿಯಾಗುತ್ತೀರಿ. ಇಲ್ಲವೇ ಗುತ್ತಿಗೆದಾರ ನಿಜವಾದ ಮಾಲಿನ್ಯವನ್ನೂ "ನಮ್ಮ ಕಡೆ ಮಣ್ಣೇ ಹಂಗರಿ" ಅಂತ ತಳ್ಳಿಹಾಕುತ್ತಾನೆ. ಬಾಗಲಕೋಟೆಯಲ್ಲಂತೂ ಕಲಾದಗಿಯ ಸುಣ್ಣಕಲ್ಲು ಒಂದು ಕಡೆ, ಬಸಾಲ್ಟ್ ಇನ್ನೊಂದು ಕಡೆ. ಆದ್ದರಿಂದ ಹೋಲಿಕೆಯ ಮಣ್ಣು ಆ ಪಾರ್ಕಿನದ್ದೇ ಆಗಿರಬೇಕು. ಸುಣ್ಣದ ಮಣ್ಣಿನಲ್ಲಿ ಸೀಸ ಅಷ್ಟಾಗಿ ಓಡಾಡುವುದಿಲ್ಲ, ಆರ್ಸೆನಿಕ್ ಮಾತ್ರ ಕೆಳಗಿಳಿಯಬಹುದು. ಹತ್ತಿರ ಬಾವಿ, ಬೋರ್ ಇದ್ದರೆ ನೀರನ್ನೂ ಪರೀಕ್ಷೆಗೆ ಕೊಡಿ. ಅಂಕಿ ಕೆಟ್ಟದಾಗಿ ಬಂದರೆ ರಿಪೋರ್ಟ್ ಸಮೇತ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯಿರಿ. ಕಲುಷಿತ ಜಾಗಗಳಿಗೆಂದೇ ಕೇಂದ್ರ ಸರ್ಕಾರ 2025ರಲ್ಲಿ ಪ್ರತ್ಯೇಕ ನಿಯಮ ತಂದಿದೆ, ಪತ್ರದಲ್ಲಿ ಅದನ್ನು ಹೆಸರಿಸಿ.

ಜನ ಹೇಸುವುದು ಹಳೇ ಬೋಗಿಗಳ ಶೌಚ ಬಿದ್ದ ಹಾದಿ ಅಂತ. ಅದು ಎಷ್ಟೋ ವರ್ಷದ ಬಿಸಿಲಿಗೆ ಒಣಗಿ ಎಂದೋ ಮಣ್ಣಾಗಿದೆ, ಬಿಡಿ. ಹೆದರಬೇಕಾದ್ದು ಸೀಸಕ್ಕೆ. ಮಣ್ಣಿನಲ್ಲಿ ಆಡಿ ಬೆರಳು ಬಾಯಿಗಿಡುವ ಮಗುವಿಗೆ ಇಷ್ಟು ಸೀಸ ಹೋದರೆ ಪರವಾಗಿಲ್ಲ ಅನ್ನುವ ಮಿತಿಯೇ ಇಲ್ಲ.

ಹಳಿ, ಸ್ಲೀಪರ್

ಹಳಿಯ ಬೋಲ್ಟ್ ಬಿಚ್ಚಿ ತೆಗೆಯಿರಿ, ಮುಗಿಯಿತು. ಹಳೇ ಕಬ್ಬಿಣದ ಸೇತುವೆ ಇದ್ದರೆ ಮಾತ್ರ ಗ್ಯಾಸ್ ಕಟ್ಟರ್ ಹಚ್ಚುವ ಮೊದಲು ಬಣ್ಣ ನೋಡಿ. ಕೆಳಗಿನ ಪದರದಲ್ಲಿ ಕೆಂಪು ಸೀಸದ ಬಣ್ಣ ಇರುತ್ತದೆ, ಬೆಂಕಿ ತಾಗಿದರೆ ಅದು ಹೊಗೆಯಾಗಿ ಕೆಲಸದವನ ಎದೆಗೇ ಹೋಗುತ್ತದೆ.

ಬೀಡು ಕಬ್ಬಿಣದ, ಉಕ್ಕಿನ, ಕಾಂಕ್ರೀಟಿನ ಸ್ಲೀಪರಿನಿಂದ ತೊಂದರೆ ಇಲ್ಲ. ಮರದ್ದು ಅಪಾಯ. ಅದಕ್ಕೆ ಗೆದ್ದಲು ಹತ್ತದಿರಲಿ ಅಂತ ಕ್ರಿಯೋಸೋಟ್ ಕುಡಿಸಿರುತ್ತಾರೆ, ಕಲ್ಲಿದ್ದಲ ಡಾಂಬರಿನಿಂದ ತೆಗೆದ ಎಣ್ಣೆ. ಬಿಸಿಲೇರಿದ ಮಧ್ಯಾಹ್ನ ಹತ್ತಿರ ನಿಂತರೆ ಮೂಗಿಗೆ ಹೊಡೆಯುತ್ತದೆ, ಬಿರುಕಿನಿಂದ ಕಪ್ಪು ಜಿಗುಟು ಒಸರುತ್ತದೆ, ಕೈಗೆ ಅಂಟಿದರೆ ಚರ್ಮ ಉರಿಯುತ್ತದೆ. ಇಂಥ ಮರ ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತದೆ ಅಂತ ಒಯ್ದು ರೆಸಾರ್ಟಿಗೆ ಬೆಂಚು ಮಾಡುತ್ತಾರೆ, ತೋಟದ ಪಾತಿಗೆ ಅಂಚು ಕಟ್ಟುತ್ತಾರೆ, ಬೆಲ್ಲದ ಗಾಣದ ಒಲೆಗೂ ತುರುಕುತ್ತಾರೆ. ಬೆಂಕಿಗೆ ಹಾಕಲೇಬೇಡಿ. ಸೀತನಿ (ಎಳೆ ಜೋಳದ ತೆನೆ) ಸುಡುವ ಒಲೆಯ ಹತ್ತಿರವಂತೂ ತರಬೇಡಿ. ಗರಗಸದಿಂದ ಕೊಯ್ಯುವುದೂ ಬೇಡ, ಪುಡಿ ಹಾರುತ್ತದೆ. ಕೈಗವಸು ಹಾಕಿ ಇಡಿಯಾಗಿ ಎತ್ತಿ, ತಾಡಪಾಲಿನ ಮೇಲಿಟ್ಟು, ಮೇಲೊಂದು ತಾಡಪಾಲು ಹೊದಿಸಿ, ಎಣಿಸಿ, ರೈಲ್ವೆಯ ವಶಕ್ಕೆ ಕೊಟ್ಟು ರಸೀದಿ ಪಡೆಯಿರಿ.

ಖಡಿ ತೆಗೆಯಬೇಡಿ

ನನ್ನ ಖಚಿತ ಮಾತು ಇದು. ಅಲ್ಲಲ್ಲಿನ ಬೂದಿ ಕುಣಿ, ಎಣ್ಣೆ ಜಾಗಗಳ ಮಣ್ಣನ್ನಷ್ಟೇ ಬೇರೆಯಾಗಿ ಎತ್ತಿಸಿ, ಮಂಡಳಿ ಹೇಳಿದ ಅಪಾಯಕಾರಿ ತ್ಯಾಜ್ಯ ಘಟಕಕ್ಕೆ ಕಳಿಸಿ. ಉಳಿದ ಏರಿ ಇದ್ದಲ್ಲೇ ಇರಲಿ. ಅದರ ಮೇಲೆ ನೀರು ಬಸಿಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಒಂದು ಅಡಿ ಗರಸು ಹಾಕಿ ದಮ್ಮಸು ಮಾಡಿ. ಅಂಗಡಿಯವರು ಹಸಿರು ಶೇಡ್ ನೆಟ್ಟನ್ನೇ ಜಿಯೋಟೆಕ್ಸ್‌ಟೈಲ್ ಅಂತ ಮಾರುತ್ತಾರೆ, ಮೋಸ ಹೋಗಬೇಡಿ. ಕಂಬಳಿಯ ಹಾಗೆ ದಪ್ಪ ಇರಬೇಕು, ಬೆಳಕಿಗೆ ಹಿಡಿದರೆ ತೂತು ಕಾಣಬಾರದು. ಪುಕ್ಕಟೆ ಸಿಗುತ್ತದೆ ಅಂತ ಮೇಲೆ ಎರೆ ಮಣ್ಣು ಹಾಕುವವರಿದ್ದಾರೆ. ಏಪ್ರಿಲ್ ಬಂದರೆ ಎರೆ ಬಿರಿಯುತ್ತದೆ, ಬಿರುಕಿನಲ್ಲಿ ಕೈ ಹೋಗುತ್ತದೆ, ಮುಚ್ಚಿದ್ದೆಲ್ಲ ಮತ್ತೆ ಬಾಯಿ ತೆರೆಯುತ್ತದೆ. ಗರಸೇ ಸರಿ. ಪೇವರ್ ಬ್ಲಾಕ್ ಕೇಳಲೇಬೇಡಿ, ಮೇ ತಿಂಗಳಲ್ಲಿ ಅದರ ಮೇಲೆ ನಡೆಯುವವರು ಯಾರು? ಇನ್ನು "ಮಣ್ಣು ಶುದ್ಧ ಮಾಡುವ ಬ್ಯಾಕ್ಟೀರಿಯಾ ಪುಡಿ" ಮಾರುವವರು ಬಂದರೆ ಚಹಾ ಕೊಟ್ಟು ಕಳಿಸಿ. ಎಣ್ಣೆಯನ್ನು ಕೆಲವು ಸೂಕ್ಷ್ಮಾಣು ನಿಧಾನಕ್ಕೆ ತಿನ್ನುತ್ತವೆ, ಸೀಸವನ್ನು ಯಾವ ಬ್ಯಾಕ್ಟೀರಿಯಾವೂ ತಿಂದು ಮುಗಿಸುವುದಿಲ್ಲ.

ಗಾಡಿಗಳು ಏರಿಯ ಮೇಲೇ ಓಡಾಡಬೇಕು. ದೂರದ ತುದಿಯಿಂದ ಬಿಚ್ಚುತ್ತ ರಸ್ತೆಯ ಕಡೆಗೆ ಹಿಂದೆ ಹಿಂದೆ ಬರಬೇಕು. ಅಡ್ಡದಾರಿ ಅಂತ ಬೇವಿನ ಬುಡದಲ್ಲಿ ಟಿಪ್ಪರ್ ಹಾಯಿಸಿದರೆ ಮಣ್ಣು ಗಟ್ಟಿಯಾಗಿ, ಬೇರಿಗೆ ಗಾಳಿ ಸಿಗದೆ ಮರ ಮೆಲ್ಲಗೆ ಒಣಗುತ್ತದೆ. ಆಗ ಟಿಪ್ಪರ್ ಯಾರಿಗೂ ನೆನಪಿರುವುದಿಲ್ಲ. ಸಿಂಗಪುರದ ಊರೊಳಗೆ ಹಾಯುತ್ತಿದ್ದ ಮಲೇಷ್ಯಾದ ರೈಲು 2011ರ ಜೂನ್ 30ಕ್ಕೆ ನಿಂತಿತು, ಹಳಿಯನ್ನು ಕಿತ್ತು ಮಲೇಷ್ಯಾಕ್ಕೆ ಮರಳಿಸಿದರು. ಬುಕಿತ್ ತಿಮಾ ಕಾಡಿನ ಅಂಚಿನಲ್ಲಿ ಹಾಯುವ ಆ 24 ಕಿ.ಮೀ. ಪಟ್ಟಿಯನ್ನು ಮಾತ್ರ ತುಂಡು ಮಾಡಲಿಲ್ಲ, ಎರಡು ಕಬ್ಬಿಣದ ಸೇತುವೆ ಸಮೇತ ನಡೆಯುವ ದಾರಿಯಾಗಿ ಉಳಿಸಿಕೊಂಡರು. ಪಟ್ಟಿ ಉದ್ದಕ್ಕೆ ಉಳಿದರೆ ಉಡ, ಮುಂಗುಸಿ, ಹಾವರಾಣಿಗೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ದಾರಿ.

ಮೋರಿ ಮುಚ್ಚಬೇಡಿ. ನೂರು ವರ್ಷದಿಂದ ಹಳ್ಳದ ನೀರು ಆ ಕಲ್ಲಿನ ಕಮಾನಿನಲ್ಲೇ ಹಾದು ಹೋಗುವುದನ್ನು ರೂಢಿ ಮಾಡಿಕೊಂಡಿದೆ. ಅದನ್ನು ಮುಚ್ಚಿದರೆ ಮೇಲಿನ ಬಡಾವಣೆಗೆ ನೀರು ನುಗ್ಗುತ್ತದೆ, ಏರಿ ಒಡೆದರೆ ಕೆಳಗಿನದಕ್ಕೆ. ಹೂಳಷ್ಟೇ ತೆಗೆಯಿರಿ. ಒಳಗೆ ಬಾವಲಿ ಇದ್ದರೆ ಟಾರ್ಚ್ ಹಾಕಿ ಓಡಿಸಬೇಡಿ.

ಬಳ್ಳಾರಿ ಜಾಲಿಯನ್ನು ನೆಲದ ಮೇಲೆ ಕಡಿದರೆ ಒಂದು ಕಾಂಡದ ಬದಲು ಹತ್ತು ಚಿಗುರುತ್ತದೆ. ನೆಲದ ಕೆಳಗೆ ಒಂದು ಅಡಿಯವರೆಗೆ ಅಗೆದು ಬುಡದ ಗಡ್ಡೆ ಸಮೇತ ಕತ್ತರಿಸಬೇಕು. ಕಳೆನಾಶಕ ಬೇಡ, ಕೆಳಗೇ ಮೋರಿಯ ನೀರಿದೆ. ಬೇವು, ಬನ್ನಿ ಕಡಿಯುವ ಮಾತು ಬಂದರೆ 1976ರ ಮರ ಸಂರಕ್ಷಣಾ ಕಾಯ್ದೆಯಡಿ ಮರ ಅಧಿಕಾರಿಯ ಅನುಮತಿ ಬೇಕು. 50ಕ್ಕಿಂತ ಹೆಚ್ಚು ಮರ ಇದ್ದರೆ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. ಆ ಪ್ರಕಟಣೆಯ ಮೇಲೆ ಕಣ್ಣಿಡಿ. ಖಾಲಿ ನೆಲ ಬಿಟ್ಟರೆ ಮೊದಲ ಮಳೆಗೆ ಕಾಂಗ್ರೆಸ್ ಕಸ ಹಾಜರ್, ಹಾಗಾಗಿ ಜೂನಿನೊಳಗೆ ಏರಿಯ ಇಳಿಜಾರಿಗೆಲ್ಲ ಕರಿಕೆ ಹುಲ್ಲು ನೆಡಿ.

ಇಷ್ಟೆಲ್ಲ ನಡೆಯುವುದು ಟೆಂಡರಿನಲ್ಲಿ ಬರೆದಿದ್ದರೆ ಮಾತ್ರ. ಕಿಲೋಮೀಟರಿಗೆ ಇಷ್ಟು ಅಂತ ಒಟ್ಟು ದರ ಹಾಕಿದರೆ ಗುತ್ತಿಗೆದಾರ ಎಲ್ಲ ಒಟ್ಟಿಗೇ ಬಾಚುತ್ತಾನೆ, ಅವನ ಲಾಭ ಇರುವುದೇ ಅದರಲ್ಲಿ. ಹಳಿ, ಸ್ಲೀಪರ್, ಬೂದಿ ಮಣ್ಣು, ಮೇಲುಹೊದಿಕೆ, ನಾಲ್ಕಕ್ಕೂ ಬೇರೆ ಬೇರೆ ದರ ಕೇಳಿ. ಸ್ಲೀಪರಿನ ರಸೀದಿ, ಬೂದಿ ಮಣ್ಣು ಹೋದ ಘಟಕದ ಚೀಟಿ, ಪ್ರತಿ ಮೋರಿಯ ಮೊದಲಿನ ಮತ್ತು ನಂತರದ ಫೋಟೊ ಫೈಲಿಗೆ ಸೇರುವವರೆಗೆ ಕೊನೆಯ ಬಿಲ್ ಪಾಸ್ ಮಾಡಬಾರದು ಅಂತ ಪಾಲಿಕೆಗೆ ಅರ್ಜಿ ಕೊಡಿ. ಟಪಾಲಿನಲ್ಲಿ ಸೀಲು ಹಾಕಿಸಿಕೊಂಡ ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.